ಮಲ್ಲಿಗೆಯ ದರ ನಿನ್ನೆಯದೇ

ಬೆಳಗ್ಗೆ ಚಹಾದ ನೀರು ಕುದಿಯಲೋ ಬೇಡವೋ ಎಂದು ಮೀನಮೇಷ ಎಣಿಸುತ್ತಿರುವ ಹೊತ್ತಿಗೆ ಸರಿಯಾಗಿ ನನ್ನ ಫೋನು ರಿಂಗಾಗುತ್ತದೆ. ಕಾರ್ಕಳದಲ್ಲಿರುವ ನನ್ನ ಅಕ್ಕ ಗಿರಿಜಾ, ಹಲೋ ಎಂಬ ಲೋಕಾರೂಢಿಯ ಪೀಠಿಕೆಯನ್ನೂ ಹಾಕದೆ, ಶಂಕರಪುರ ಮಲ್ಲಿಗೆಯ ಅಂದಿನ ದರವನ್ನು ಹೇಳುತ್ತಾಳೆ. ನೀವು ನಮ್ಮ ಉಡುಪಿಯ ಕಡೆಯವರಾದರೆ ಇದರಲ್ಲಿ ಬೆರಗಾಗುವಂಥದ್ದೇನೂ ಇಲ್ಲ. ಬೇರೆ ಊರಿನವರಾದರೆ ಇಷ್ಟು ತಿಳಿದಿರಲಿ: ನಮ್ಮಲ್ಲಿ ಮಲ್ಲಿಗೆಗೆ ದಿನದಿನವೂ ಒಂದು ದರ ನಿಗದಿಯಾಗುತ್ತದೆ, ಅದು ಬಾಯಿಂದ ಬಾಯಿಗೆ, ಈಗೀಗ ಫೋನಿನಿಂದ ಫೋನಿಗೆ ಹಬ್ಬುತ್ತದೆ, ಮತ್ತು ಹೂವು ಮಾರುವವರೂ ಅಲ್ಲದ ಕೊಳ್ಳುವವರೂ ಅಲ್ಲದ ನಮ್ಮಂಥವರು ಕೂಡ ಅದನ್ನು ಕೇಳಿ ತಿಳಿದುಕೊಂಡ ಮೇಲೆಯೇ ದಿನ ಶುರುವಾಯಿತೆಂದು ಒಪ್ಪಿಕೊಳ್ಳುತ್ತೇವೆ. ಕಾಪುವಿನ ನಮ್ಮ ಹಳೆಯ ಮನೆಯ ಅಂಗಳದಲ್ಲಿ ಅಮ್ಮ ನಾಲ್ಕಾರು ಮಲ್ಲಿಗೆ ಗಿಡ ಬೆಳೆಸಿದ್ದಳು. ಗಿಡಗಳು ಹೋದವು, ಅಮ್ಮನೂ ಹೋದಳು, ದರ ಕೇಳುವ ಅಭ್ಯಾಸ ಮಾತ್ರ ಅಕ್ಕನ ಪಾಲಿಗೆ ಬಂತು. ಮದುವೆಯ ದಿನಗಳಲ್ಲಿ 'ಏರಿದೆ' ಎನ್ನುತ್ತಾಳೆ, ಮಾರುಕಟ್ಟೆ ಮಂಕಾದಾಗ 'ಇಳಿದಿದೆ' ಎನ್ನುತ್ತಾಳೆ, ಹೆಚ್ಚಿನ ದಿನಗಳಲ್ಲಿ 'ನಿನ್ನೆಯದೇ' ಎಂಬ ಒಂದೇ ಪದದಲ್ಲಿ ಮುಗಿಸುತ್ತಾಳೆ.

ದರ ಆದ ಮೇಲೆ ಉಮೇಶಣ್ಣನ ಸರದಿ. ನಾವು ಮೂವರು ಒಡಹುಟ್ಟಿದವರು: ದೊಡ್ಡವಳು ಅಕ್ಕ, ನಡುವೆ ಉಮೇಶಣ್ಣ, ಕೊನೆಯವಳು ನಾನು, ಲತಾ. ಅಣ್ಣ ಕಾಪುವಿನಲ್ಲಿದ್ದಾನೆ, ಮಲ್ಪೆಯಿಂದ ಹೊರಡುವ ಆಳಸಮುದ್ರದ ಬೋಟಿನಲ್ಲಿ ಕೆಲಸ. ಬೋಟು ದಡಕ್ಕೆ ಸಮೀಪಿಸಿ ಫೋನಿಗೆ ಜೀವ ಬಂದಾಗ ಅವನು ಮನೆಗೊಂದು ಕರೆ ಮಾಡುತ್ತಿದ್ದ, ಆಮೇಲೆ ಅಕ್ಕನಿಗೊಂದು. ಅಕ್ಕನಿಗೆ ಹೇಳಿದರೆ ಎಲ್ಲರಿಗೂ ಹೇಳಿದ ಹಾಗೆ ಎಂಬುದು ನಮ್ಮಲ್ಲಿ ಯಾರೂ ಹಾಕಿಕೊಡದೆ ಬಂದ ಪದ್ಧತಿ. ಹಾಗಾಗಿ ಅಣ್ಣನ ಸುದ್ದಿ ನನಗೆ ಕಾರ್ಕಳದಿಂದ ಬರುತ್ತಿತ್ತು, ನನ್ನ ಸುದ್ದಿ ಅವನಿಗೂ ಕಾರ್ಕಳದಿಂದಲೇ ಹೋಗುತ್ತಿತ್ತು. ಉಡುಪಿಗೂ ಕಾಪುವಿಗೂ ನಡುವೆ ಬಸ್ಸಿನಲ್ಲಿ ಒಂದು ನಿದ್ದೆ ಮಾಡುವಷ್ಟೂ ದೂರವಿಲ್ಲ ಎಂಬುದನ್ನು ನಾವಿಬ್ಬರೂ ಹಾಯಾಗಿ ಮರೆತಿದ್ದೆವು. ಕೊನೆಯಲ್ಲಿ ಅಕ್ಕ, 'ನಿನ್ನದು ಎಂತ ವಿಶೇಷ?' ಎಂದು ಕೇಳುತ್ತಾಳೆ. ನಾನು 'ಎಂತ ಇಲ್ಲ' ಎನ್ನುತ್ತೇನೆ. ನಾವು ಮಾತಾಡುವುದು ತುಳುವಿನಲ್ಲಿ, ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆದರೆ ಯಾವ ಭಾಷೆಯಲ್ಲಿ ಹೇಳಿದರೂ ಆ ಉತ್ತರ ಅಷ್ಟೇ ಚಿಕ್ಕದು. ಸಂಸಾರ ಮುರಿದು, ಕಲ್ಯಾಣಪುರದ ಹೊಳೆಬದಿಯ ಮನೆ ಬಿಟ್ಟು, ಉಡುಪಿಯ ಈ ಮಹಡಿಯ ಕೋಣೆಗೆ ನಾನೊಬ್ಬಳೇ ಬಂದ ದಿನವೂ ಅಕ್ಕ ಕೇಳಿದ್ದಳು, ಅಂದೂ ನಾನು ಎಂತ ಇಲ್ಲ ಎಂದೇ ಹೇಳಿದ್ದೆ. ನಾಳೆ ಹೇಳೋಣ ಎಂದುಕೊಂಡಿದ್ದೆ. ಎಷ್ಟೋ ನಾಳೆಗಳು ಹಾಗೆಯೇ ಹೋದವು.

ಫೋನು ಇಟ್ಟು, ಚಹಾ ಕುಡಿದು, ಬಸ್ಸು ಹತ್ತಿ, ಮಣಿಪಾಲದ ಗುಡ್ಡ ಏರಿ, ನಾನು ಕೆಲಸ ಮಾಡುವ ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಬಾಗಿಲು ತೆಗೆದರೆ ಅಲ್ಲಿಯೂ ನನ್ನ ಮೊದಲ ಕೆಲಸ ಇಂಥದ್ದೇ. ನಮ್ಮ ಲ್ಯಾಬಿನ ಯಂತ್ರಗಳೆಲ್ಲ ಲಿನಕ್ಸ್ ಎಂಬ ತಂತ್ರಾಂಶ ವ್ಯವಸ್ಥೆಯಲ್ಲಿ ಓಡುವವು. ಮಕ್ಕಳು ಬರುವ ಮುಂಚಿನ ಆ ತಂಪು ನಿಶ್ಶಬ್ದದಲ್ಲಿ, ಕಿಟಕಿಯಾಚೆ ಮಂಜೋ ಮಳೆಯೋ ತಿಳಿಯದ ಬಿಳುಪು ತೇಲುತ್ತಿರುವಾಗ, ನಾನು ಒಂದು ಯಂತ್ರದ ಮುಂದೆ ಕುಳಿತು 'ಆಪ್ಟ್ ಅಪ್‌ಡೇಟ್' ಎಂಬ ಆಜ್ಞೆ ಕೊಡುತ್ತೇನೆ. ಕಪ್ಪು ಪರದೆಯ ಮೇಲೆ ಸಾಲುಗಳು ಒಂದರ ಹಿಂದೊಂದು ಏರಿ ಬರುವುದನ್ನು ನೋಡುತ್ತಾ ಅರೆನಿದ್ದೆಯಂಥ ಸುಖದಲ್ಲಿ ಮುಳುಗುತ್ತೇನೆ. ಏನಾಗುತ್ತದೆಂದರೆ, ಲಿನಕ್ಸಿಗೆ ಬೇಕಾದ ತಂತ್ರಾಂಶಗಳೆಲ್ಲ ಎಲ್ಲೋ ದೂರದ ಉಗ್ರಾಣವೊಂದರಲ್ಲಿರುತ್ತವೆ. ಯಾವುದರ ಯಾವ ಆವೃತ್ತಿ ಅಲ್ಲಿ ಸಿಗುತ್ತದೆ ಎಂಬ ಪಟ್ಟಿಯೂ ಅಲ್ಲೇ ಇರುತ್ತದೆ. ಬೇಕೆಂದಾಗಲೆಲ್ಲ ಅಷ್ಟು ದೂರ ಹೋಗಿ ವಿಚಾರಿಸುವುದು ಆಗದ ಮಾತಾದ್ದರಿಂದ ನಮ್ಮ ಯಂತ್ರ ಆ ಪಟ್ಟಿಯ ಒಂದು ಪ್ರತಿಯನ್ನು ತನ್ನ ಮನೆಯಲ್ಲೇ ಇಟ್ಟುಕೊಳ್ಳುತ್ತದೆ. ಅಪ್‌ಡೇಟ್ ಎಂದಾಗ ಅದು ಸಾಮಾನೇನನ್ನೂ ತರುವುದಿಲ್ಲ; 'ನನ್ನಲ್ಲಿರುವ ಪಟ್ಟಿ ಇಂಥದ್ದು, ಇದಕ್ಕಿಂತ ಹೊಸದು ನಿಮ್ಮಲ್ಲಿ ಉಂಟೋ' ಎಂದು ಕೇಳುತ್ತದೆ, ಅಷ್ಟೆ. ಉಂಟೆಂದಾದರೆ ಹೊಸ ಪಟ್ಟಿ ಇಳಿದು ಬರುತ್ತದೆ. ಇಲ್ಲವೆಂದಾದರೆ ಉಗ್ರಾಣ ಅದೇ ಪಟ್ಟಿಯನ್ನು ಮತ್ತೆ ಕಳಿಸುವ ಗೋಜಿಗೆ ಹೋಗದೆ, ಬದಲಾಗಿಲ್ಲ ಎಂದಷ್ಟೇ ಹೇಳುತ್ತದೆ, ಪರದೆಯ ಮೇಲೆ 'ಹಿಟ್' ಎಂದು ಮೂಡುತ್ತದೆ. ಅಕ್ಕನ ಭಾಷೆಯಲ್ಲಿ ಅದು 'ನಿನ್ನೆಯದೇ'.

ಪಟ್ಟಿ ಬೇರೆ, ಸಾಮಾನು ಬೇರೆ ಎಂಬ ಈ ಸಣ್ಣ ಸಂಗತಿ ಅರ್ಥವಾಗದೆ ತಲೆ ಕೆರೆದುಕೊಳ್ಳುವ ವಿದ್ಯಾರ್ಥಿಗಳು ಪ್ರತಿ ವರ್ಷವೂ ಇರುತ್ತಾರೆ. ಗದಗದ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬಂದು ಇಲ್ಲೇ ನೆಲೆಯಾದವರ ಮಗಳೊಬ್ಬಳು ಈ ವರ್ಷ ನನ್ನ ಬಳಿ ಬಂದು, "ಮೇಡಂ, ಅಪ್‌ಡೇಟ್ ಕೊಟ್ಟೀನ್ರಿ, ಆದ್ರೂ ಎಲ್ಲಾ ಹಳೇದೇ ಐತ್ರಿ" ಎಂದು ದೂರು ಕೊಟ್ಟಳು. ನಮ್ಮ ಓಣಿಗೆ ಬರುವ ಮೀನಿನ ಹೆಂಗಸು ಬಂಗುಡೆ, ಬೂತಾಯಿ, ನಂಗ್ ಎಂದು ಕೂಗಿ ಹೋದಳೆಂದ ಮಾತ್ರಕ್ಕೆ ಒಲೆಯ ಮೇಲೆ ಸಾರು ಆಗುವುದಿಲ್ಲ, ಹೊರಗೆ ಹೋಗಿ ಬುಟ್ಟಿ ಇಳಿಸಿಕೊಳ್ಳಬೇಕು ಎಂದು ಅವಳಿಗೆ ವಿವರಿಸಿದೆ. ಅಪ್‌ಡೇಟ್ ಎಂದರೆ ಕೂಗು ಕೇಳಿಸಿಕೊಳ್ಳುವುದು, ಅಪ್‌ಗ್ರೇಡ್ ಎಂದರೆ ಬುಟ್ಟಿ ಇಳಿಸುವುದು. ಅವಳು ಮೀನು ತಿನ್ನುವವಳಲ್ಲವಂತೆ, ಆದರೂ ಅರ್ಥವಾಯಿತು ಎಂದಳು.

ನಿಜ ಹೇಳಬೇಕೆಂದರೆ ನಾವೆಲ್ಲರೂ ಬದುಕುವುದು ಇಂಥ ಇಟ್ಟುಕೊಂಡ ಪ್ರತಿಗಳ ನಡುವೆಯೇ ಅಲ್ಲವೇ ಎಂದು ನನಗೆ ಆಗಾಗ ಅನ್ನಿಸುತ್ತದೆ. ಕಾಪುವಿನ ಕಡಲತೀರ ಎಂದರೆ ನನ್ನೊಳಗೆ ಏಳುವುದು ದೀಪಸ್ತಂಭದ ಬುಡದ ಬಂಡೆಯ ಮೇಲೆ ಅಮ್ಮನ ಸೆರಗು ಹಿಡಿದು ಕುಳಿತ ಒಂದು ಸಂಜೆ. ಅಲ್ಲೀಗ ಅಂಗಡಿಗಳಿವೆ, ಫೋಟೋ ತೆಗೆಯುವವರ ಸಾಲು ಇದೆ, ಕಡಲೇ ಒಂದಿಷ್ಟು ಮುಂದೆ ಬಂದಿದೆಯೆನ್ನುತ್ತಾರೆ. ಆದರೆ ಮನಸ್ಸು ಕಡಲನ್ನು ಪ್ರತಿ ಸಲ ಹೋಗಿ ಕೇಳಿ ಬರುತ್ತದೆಯೇ? ಇದ್ದ ಪ್ರತಿಯನ್ನೇ ತೆಗೆದು ತೋರಿಸುತ್ತದೆ. ಅಲೆ ಅದೇ, ಸೆರಗು ಅದೇ, ಉಪ್ಪಿನ ಗಾಳಿಯೂ ಅದೇ. ಹಾಗೆ ತೋರಿಸದೇ ಹೋಗಿದ್ದರೆ ಒಂದು ಮಧ್ಯಾಹ್ನ ಕಳೆಯುವುದೂ ನಮಗೆ ಕಷ್ಟವಾಗುತ್ತಿತ್ತು, ಏನೆನ್ನುತ್ತೀರಿ?

ನಮ್ಮ ಲ್ಯಾಬಿನಲ್ಲಿ ಇನ್ನೊಂದು ಏರ್ಪಾಡು ಉಂಟು. ಅಷ್ಟೂ ಯಂತ್ರಗಳು ಒಂದೊಂದಾಗಿ ದೂರದ ಉಗ್ರಾಣಕ್ಕೆ ಹೋಗಿ ಕೇಳಿದರೆ ದಾರಿಯೆಲ್ಲ ಗಿಜಿಗುಟ್ಟುತ್ತದೆಂದು, ಮೂಲೆಯಲ್ಲಿರುವ ಒಂದೇ ಯಂತ್ರ ಅಲ್ಲಿಗೆ ಹೋಗಿ ಪಟ್ಟಿಯನ್ನೂ ಸಾಮಾನನ್ನೂ ತಂದಿಟ್ಟುಕೊಳ್ಳುತ್ತದೆ, ಉಳಿದವು ಅದರ ಬಳಿ ಕೇಳಿ ತಿಳಿದುಕೊಳ್ಳುತ್ತವೆ. ಈ ಮೂಲೆಯ ಯಂತ್ರಕ್ಕೆ ನಮ್ಮ ಕಸುಬಿನಲ್ಲಿ ಮಿರರ್, ಎಂದರೆ ಕನ್ನಡಿ, ಎಂದು ಹೆಸರು. ಈ ಸಲ ಆಟಿ ತಿಂಗಳ ಮಳೆಗೆ ಕರೆಂಟು ಬಂದು ಹೋಗಿ ಆಟವಾಡಿದಾಗ ಆ ಕನ್ನಡಿ ಯಾರಿಗೂ ಹೇಳದೆ ಉಗ್ರಾಣಕ್ಕೆ ಹೋಗುವುದನ್ನೇ ನಿಲ್ಲಿಸಿಬಿಟ್ಟಿತು. ಹೊರಗಿನಿಂದ ನೋಡಿದರೆ ಎಲ್ಲವೂ ಸರಿ: ಯಂತ್ರಗಳು ಬೆಳಗ್ಗೆ ಕೇಳುತ್ತಿದ್ದವು, ಕನ್ನಡಿ ಬದಲಾಗಿಲ್ಲ ಎನ್ನುತ್ತಿತ್ತು, ಪರದೆಯ ತುಂಬ ಹಿಟ್, ಹಿಟ್, ಹಿಟ್, ಕೊನೆಯಲ್ಲಿ, ಎಲ್ಲವೂ ಹೊಸತಾಗಿಯೇ ಇವೆ ಎಂಬ ಸಮಾಧಾನದ ಸಾಲು. ಒಂದು ಬೆಳಗ್ಗೆ ಮಾತ್ರ ಆ ಸಾಲಿನ ಬದಲು ಯಂತ್ರ ಮುಖ ಗಂಟು ಹಾಕಿಕೊಂಡಿತು. ಈ ಪಟ್ಟಿಯ ಅವಧಿ ಮುಗಿದಿದೆ, ಇದನ್ನು ನಾನು ನಂಬುವುದಿಲ್ಲ ಎಂದಿತು.

ನನಗೆ ಹಿಡಿಸಿದ್ದು ಆ ನಿರಾಕರಣೆಯ ರೀತಿ. ಪಟ್ಟಿಯ ಮೇಲೆ ಉಗ್ರಾಣದವರ ಸಹಿ ಇರುತ್ತದೆ, ಯಂತ್ರ ಆ ಸಹಿಯನ್ನು ಪರೀಕ್ಷಿಸಿಯೇ ಒಳಗೆ ಬಿಟ್ಟುಕೊಳ್ಳುತ್ತದೆ. ಅಂದೂ ಸಹಿ ಸರಿಯಾಗಿಯೇ ಇತ್ತು. ಕಳ್ಳ ಮಾಲಲ್ಲ, ಯಾರೂ ತಿದ್ದಿದ್ದಲ್ಲ, ಹೇಳಿದವರು ನಂಬತಕ್ಕವರೇ, ಹೇಳಿದ್ದು ಹೇಳಿದ ದಿನಕ್ಕೆ ನಿಜವೇ ಆಗಿತ್ತು. ಆದರೆ ಆ ದಿನ ಕಳೆದುಹೋಗಿತ್ತು. ಸಹಿ ಯಾರು ಹೇಳಿದರೆಂಬುದಕ್ಕೆ ಸಾಕ್ಷಿಯಾಗುತ್ತದೆ, ಯಾವಾಗ ಹೇಳಿದರೆಂಬುದನ್ನು ಬೇರೆಯೇ ನೋಡಿಕೊಳ್ಳಬೇಕು. ಅದಕ್ಕಾಗಿ ಪಟ್ಟಿಯ ನೆತ್ತಿಯಲ್ಲಿ, ಇಂಥ ದಿನದವರೆಗೆ ಮಾತ್ರ ಸಿಂಧು ಎಂದು ಬರೆದಿರುತ್ತಾರೆ. ಔಷಧಿಯ ಶೀಶೆಗೂ ಹಾಲಿನ ಪ್ಯಾಕೆಟಿಗೂ ಇರುವ ಈ ತಾರೀಕು ಮನುಷ್ಯರ ಮಾತಿಗೆ ಇಲ್ಲವಲ್ಲ ಎಂದು ನಗುತ್ತಾ ಅಂದು ಕನ್ನಡಿಯನ್ನು ಸರಿಮಾಡಿ ಮನೆಗೆ ಹೋದೆ.

ಮರುದಿನ ಬೆಳಗ್ಗೆ ಅಕ್ಕನ ಫೋನು ಬಂತು. "ಇಂದು ಮಲ್ಲಿಗೆ ಏರಿದೆ. ಎಲ್ಲ ಕಡೆ ಮದುವೆ ಅಲ್ವಾ" ಎಂದಳು. ಆಮೇಲೆ, "ಉಮೇಶ ಬೋಟಿಗೆ ಹೋಗಿದ್ದಾನೆ" ಎಂದಳು.

ಒಲೆಯ ಮೇಲಿದ್ದ ಚಹಾ ಉಕ್ಕಿ ಹರಿದದ್ದು ನನಗೆ ತಿಳಿಯಲಿಲ್ಲ. ನಮ್ಮ ತುಳುನಾಡಿನಲ್ಲಿ ಆಟಿ ತಿಂಗಳಲ್ಲಿ ಮದುವೆ ನಡೆಯುವುದಿಲ್ಲ; ಆ ಮಳೆಯ ತಿಂಗಳಲ್ಲಿ ಒಂದು ಶುಭಕಾರ್ಯಕ್ಕೂ ಯಾರೂ ಮುಹೂರ್ತ ಕೇಳುವುದಿಲ್ಲ. ಮೀನು ಮೊಟ್ಟೆಯಿಡುವ ಕಾಲವೆಂದು ದೊಡ್ಡ ಬೋಟುಗಳೆಲ್ಲ ಬಂದರಿನ ಧಕ್ಕೆಯಲ್ಲಿ ಕಟ್ಟಿ ನಿಂತಿರುತ್ತವೆ, ಕಡಲಿಗೆ ಇಳಿಯಕೂಡದೆಂದು ಸರಕಾರದ ಆಜ್ಞೆಯೇ ಉಂಟು. ಕರಾವಳಿಯಲ್ಲಿ ಹುಟ್ಟಿದ ಕೂಸಿಗೂ ಗೊತ್ತಿರುವ ಈ ಎರಡು ಸಂಗತಿಗಳನ್ನು ಅಕ್ಕ ಒಂದೇ ಉಸಿರಿನಲ್ಲಿ ತಪ್ಪಾಗಿ ಹೇಳಿದ್ದಳು. ದನಿ ಅವಳದೇ, ಅಕ್ಕರೆ ಅವಳದೇ, ಒಂದು ಅಕ್ಷರವೂ ಸುಳ್ಳಲ್ಲ. ಅವಳು ಯಾವುದೋ ವೈಶಾಖದಲ್ಲಿದ್ದಳು. ವಾರಗಟ್ಟಲೆಯಿಂದ 'ನಿನ್ನೆಯದೇ, ಉಮೇಶ ಚೆನ್ನಾಗಿದ್ದಾನೆ' ಎಂಬುದನ್ನು ಕೇಳುತ್ತಾ ಬಂದ ನನಗೆ, ಅದು ಯಾವ ನಿನ್ನೆಯೆಂಬ ಪ್ರಶ್ನೆ ಆಗ ಎದ್ದಿತು.

ಅಣ್ಣನಿಗೆ ನೇರವಾಗಿ ಫೋನು ಮಾಡಿದೆ. ಅವನು ಕಾಪುವಿನ ಮನೆಯಲ್ಲೇ ಇದ್ದ. ಬೋಟುಗಳು ನಿಲ್ಲುವ ಮುಂಚಿನ ಕೊನೆಯ ಸಲ ಹೋದಾಗ ಹಗ್ಗ ಸುತ್ತುವ ಯಂತ್ರಕ್ಕೆ ಬಲಗೈ ಸಿಕ್ಕಿ ಬೆರಳುಗಳು ಜಜ್ಜಿಹೋಗಿದ್ದವಂತೆ. ಆಸ್ಪತ್ರೆಯಿಂದಲೇ ಅಕ್ಕನಿಗೆ ಹೇಳಿದ್ದನಂತೆ. ಇಷ್ಟು ದಿನವಾದರೂ ತಂಗಿ ಬಂದು ನೋಡಲಿಲ್ಲ ಎಂದು ಬೇಸರ ಇತ್ತು ಎಂದ, ಬೇಸರವನ್ನು ಮುಚ್ಚಿಡದೆ. ಆಮೇಲೆ, ಕಲ್ಯಾಣಪುರದಲ್ಲಿ ಹೊಳೆಯ ನೀರು ಅಂಗಳಕ್ಕೆ ಬಂದಿದೆಯಾ, ನಿನ್ನ ಗಂಡ ಹೇಗಿದ್ದಾನೆ ಎಂದು ಕೇಳಿದ. ಇನ್ನು ಮೇಲೆ ನೇರವಾಗಿಯೇ ಮಾತಾಡೋಣ ಎಂದಷ್ಟೇ ಹೇಳಿದೆ, ಅವನೂ ಒಪ್ಪಿದ.

ಮಧ್ಯಾಹ್ನ ಕಾರ್ಕಳದ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಫೋನು ಮಾಡಿದೆ. ಅವರು ಮೆಲುದನಿಯ ಮನುಷ್ಯ. ಮೊದಲು ಹಾಗೇನೂ ಇಲ್ಲ ಎಂದರು, ಆಮೇಲೆ ಮರೆವಿಗೆಂದು ಡಾಕ್ಟರಿಗೆ ತೋರಿಸಿದ್ದನ್ನು ಹೇಳಿದರು. ಅಣ್ಣನಿಗೂ ನನಗೂ ಅನ್ನಿಸಿದ್ದನ್ನು ನಾನೂ ಹೇಳಿದೆ: ಇನ್ನು ಮೇಲೆ ನಾವಿಬ್ಬರೂ ನೇರವಾಗಿಯೇ ಮಾತಾಡಿಕೊಳ್ಳುತ್ತೇವೆ, ಪಾಪ, ಅಕ್ಕನಿಗೆ ಯಾಕೆ ಈ ಹೊರೆ. ಲ್ಯಾಬಿನಲ್ಲಿಯೂ ಅಷ್ಟೇ ಅಲ್ಲವೇ, ಕನ್ನಡಿಯನ್ನು ಬಿಟ್ಟು ಉಗ್ರಾಣಕ್ಕೇ ಹೋಗಿ ಎಂದು ಯಂತ್ರಗಳಿಗೆ ಹೇಳುವುದು ಒಂದು ಸಾಲಿನ ಕೆಲಸ.

"ಅವಳಿಗೆ ವಾರ ಗೊತ್ತಿಲ್ಲ, ತಿಂಗಳು ಗೊತ್ತಿಲ್ಲ ಮಾರಾಯ್ತಿ" ಎಂದರು ಭಾವ. "ಬೆಳಗ್ಗೆ ಎದ್ದು ನಿಮಗೆ ಫೋನ್ ಮಾಡಬೇಕು ಎನ್ನುವುದೊಂದು ಗೊತ್ತುಂಟು. ಅದನ್ನೂ ತೆಗೆದರೆ ಅವಳು ಎದ್ದು ಎಂತ ಮಾಡುವುದು?"

ಭಾನುವಾರ ಅಣ್ಣನೂ ನಾನೂ ಉಡುಪಿಯಲ್ಲಿ ಜೊತೆಯಾಗಿ ಕಾರ್ಕಳದ ಬಸ್ಸು ಹತ್ತಿದೆವು. ಅವನ ಬಲಗೈಗೆ ಬಿಳಿ ಬಟ್ಟೆ ಸುತ್ತಿತ್ತು, ಎಡಗೈಯಲ್ಲಿ ಬಾಳೆಲೆಯ ಪೊಟ್ಟಣ, ಅದರೊಳಗೆ ಅಕ್ಕನಿಗೆಂದು ಕಾಪುವಿನಿಂದ ತಂದ ಮಲ್ಲಿಗೆ. ಮುಚ್ಚಿದ ಕಿಟಕಿಗಳ ಬಸ್ಸಿನ ತುಂಬ ಒದ್ದೆ ಕೊಡೆಗಳ ವಾಸನೆಯೂ ಆ ಹೂವಿನ ಪರಿಮಳವೂ ಬೆರೆತು ಜನರೆಲ್ಲ ತೂಕಡಿಸುತ್ತಿದ್ದರು. ಆ ಮಂಪರಿನಲ್ಲಿ ಅಣ್ಣನಿಗೆ ಕಲ್ಯಾಣಪುರದ ಮನೆಯ ಕಥೆಯನ್ನು ಹೇಳಿಬಿಟ್ಟೆ. ಅವನು ಸುಮ್ಮನೆ ಕೇಳಿಸಿಕೊಂಡು, ಅಕ್ಕನಿಗೆ ಗೊತ್ತುಂಟಾ ಎಂದು ಮಾತ್ರ ಕೇಳಿದ. ಇಲ್ಲವೆಂದು ತಲೆಯಾಡಿಸಿದೆ. ಮಳೆಯ ಪರದೆಯಾಚೆ ಕಾರ್ಕಳದ ಕರಿಬಂಡೆಗಳು ಕಾಣಿಸಿದಾಗ, ಹೇಳುವುದಕ್ಕೆ ಅಕ್ಕ ಇನ್ನೂ ಇದ್ದಾಳೋ, ನಾನು ತಡಮಾಡಿಬಿಟ್ಟೆನೋ ಎಂದು ಹೆದರಿದೆ.

ಅಕ್ಕ ಜಗಲಿಯಲ್ಲಿಯೇ ಇದ್ದಳು. ಅಣ್ಣನನ್ನು ಕಂಡವಳೇ ಎದ್ದು ಬಂದು, ಕೈಗೆ ಎಂತ ಆಯ್ತು ಎಂದು ಕಂಗಾಲಾದಳು. ಎಷ್ಟು ಸಲ ಹೇಳಿದ್ದನೋ, ಅಣ್ಣ ಮೊದಲ ಸಲ ಹೇಳುವವನಂತೆ ನಿಧಾನವಾಗಿ ಎಲ್ಲವನ್ನೂ ಹೇಳಿದ. ಭಾವ ಅವನನ್ನು ಒಳಗೆ ಕರೆದುಕೊಂಡು ಹೋದರು. ಅಕ್ಕ ನನ್ನ ಕಡೆ ತಿರುಗಿ, ಪರಿಚಯದ ನಗೆ ನಕ್ಕು, "ಕೂತುಕೊಳ್ಳಿ" ಎಂದಳು. ಹುಟ್ಟಿದಾಗಿನಿಂದ ನನ್ನನ್ನು ಏಕವಚನದಲ್ಲಿ ಕರೆದ ಬಾಯಿ ಅದು. ನಾನು ಕೂತೆ.

ಮಲ್ಲಿಗೆಯ ಪೊಟ್ಟಣವನ್ನು ಬಿಚ್ಚಿ ಮಡಿಲಲ್ಲಿ ಹರಡಿಕೊಂಡು, ನೆರೆಮನೆಯವರ ಜೊತೆ ಮಾತಾಡುವ ಹಾಗೆ ಅಕ್ಕ ಹೇಳತೊಡಗಿದಳು.

"ನನಗೆ ಒಬ್ಬಳು ತಂಗಿ ಉಂಟು. ಮಣಿಪಾಲದಲ್ಲಿ ಕಂಪ್ಯೂಟರಿನ ಕೆಲಸ. ದಿನಾ ಫೋನ್ ಮಾಡಿ ಎಂತ ವಿಶೇಷ ಅಂತ ಕೇಳ್ತೇನೆ, ಎಂತ ಇಲ್ಲ ಅಂತಾಳೆ. ಅವಳು ಎಂತ ಇಲ್ಲ ಅಂದರೆ ಎಂತದೋ ಉಂಟು ಅಂತಲೇ. ನಾನು ಕೆದಕುವುದಿಲ್ಲ. ದಿನಾ ಕೇಳ್ತಾ ಇದ್ದರೆ ಒಂದು ದಿನ ಹೇಳ್ತಾಳೆ."

ನಾನು ಅತ್ತೆ. ಅಳುವಾಗ ಸೆರಗು ಬಾಯಿಗೆ ಒತ್ತಿಕೊಂಡರೂ ಸದ್ದು ಬಂತು. ಅಕ್ಕ ಗಾಬರಿಯಾಗಿ, ಏನು ಕೇಳಬೇಕೆಂದು ತಿಳಿಯದೆ, ಮಡಿಲಿನ ಮಾಲೆಯಿಂದ ಒಂದು ತುಂಡು ಮುರಿದು ನನ್ನ ಕೈಯಲ್ಲಿಟ್ಟಳು. ಸಂಜೆ ಹೊರಡುವ ಹೊತ್ತಿಗೆ ಎಲ್ಲಿಂದಲೋ ಮರಳಿ ಬಂದವಳಂತೆ, "ಲತಾ, ಕೊಡೆ ಮರೆಯಬೇಡ" ಎಂದಳು.

ಬಸ್ಸಿನಲ್ಲಿ ಮರಳುವಾಗ ನನ್ನ ಕಪ್ಪು ಪರದೆಯ ಸಾಲುಗಳು ನೆನಪಾದವು. ಯಂತ್ರ ಕೇಳುವುದು ತನಗೇನಾದರೂ ಸಿಗುತ್ತದೆಯೋ ಎಂದು. ಬದಲಾಗಿಲ್ಲ ಎಂಬ ಉತ್ತರ ಬಂದರೆ ಅದು ನಂಬುತ್ತದೆ, ನಂಬಿ ಸುಮ್ಮನಾಗುತ್ತದೆ. ಅಕ್ಕ ನನ್ನ ಉತ್ತರವನ್ನು ಒಂದು ದಿನವೂ ನಂಬಿರಲಿಲ್ಲ, ಆದರೂ ಕೇಳುವುದನ್ನು ಬಿಟ್ಟಿರಲಿಲ್ಲ. ನಾನು ಅವಳನ್ನು ಕನ್ನಡಿಯೆಂದುಕೊಂಡಿದ್ದೆ, ಅತ್ತಣದ್ದನ್ನು ಇತ್ತ ತೋರಿಸುವ ಒಂದು ಅನುಕೂಲ. ಅವಳನ್ನು ತಪ್ಪಿಸಿ ಅಣ್ಣನ ಸುದ್ದಿಯನ್ನು ನಾನು ಪಡೆಯಬಹುದು, ಈಗ ದಿನಾ ಪಡೆಯುತ್ತಲೂ ಇದ್ದೇನೆ. ನನ್ನ ಎಂತ ಇಲ್ಲ ಎಂಬುದನ್ನು ಬಗೆದು ನೋಡದೆ ಬಗಲಲ್ಲಿಟ್ಟುಕೊಂಡು ಕಾಯುವವರು ಬೇರೆ ಯಾವ ಊರಿನಲ್ಲಿ ಸಿಕ್ಕಾರು?

ಸೋಮವಾರ ಬೆಳಗ್ಗೆ ಚಹಾದ ನೀರು ಇಡುವ ಮುಂಚೆಯೇ ಅಣ್ಣನಿಗೆ ಫೋನು ಮಾಡಿ, ಅವನ ಕೈಯ ಸುದ್ದಿಯನ್ನೂ ಮಲ್ಲಿಗೆಯ ನಿಜವಾದ ದರವನ್ನೂ ಕೇಳಿ ಇಟ್ಟುಕೊಂಡೆ. ಆಮೇಲೆ ಅಕ್ಕನ ಫೋನು ಬಂತು. ಮಲ್ಲಿಗೆ ಏರಿದೆ ಎಂದಳು, ಹೌದಾ ಎಂದೆ. ಉಮೇಶ ಬೋಟಿಗೆ ಹೋಗಿದ್ದಾನೆ ಎಂದಳು, ಹೋಗಿ ಬರಲಿ ಎಂದೆ. "ನಿನ್ನದು ಎಂತ ವಿಶೇಷ?" ಎಂದಳು.

"ಉಂಟು ಅಕ್ಕಾ" ಎಂದೆ.

ಕಲ್ಯಾಣಪುರದ ಮನೆಯ ಬಾಗಿಲಿನಿಂದ ಹಿಡಿದು ಈ ಮಹಡಿಯ ಕೋಣೆಯ ಕಿಟಕಿಯವರೆಗೆ, ಏನನ್ನೂ ಬಿಡದೆ, ಎಲ್ಲವನ್ನೂ ಹೇಳಿದೆ. ಅವಳು ನಡುವೆ ಬಾಯಿ ಹಾಕಲಿಲ್ಲ. ಅವಳ ಹಿಂದಿನಿಂದ ಕಾರ್ಕಳದ ಮಳೆ ಕೇಳುತ್ತಿತ್ತು.

"ನನಗೆ ಗೊತ್ತಿತ್ತು ಎಂತದೋ ಉಂಟು ಅಂತ" ಎಂದಳು. "ಮೊನ್ನೆ ಇಲ್ಲಿ ಜಗಲಿಗೆ ಒಬ್ಬರು ಬಂದಿದ್ದರು. ಅವರ ಹತ್ತಿರ ನಿನ್ನ ವಿಷಯವೇ ಹೇಳಿದ್ದು. ಪಾಪ, ಅವರೂ ಅತ್ತರು. ಅವರಿಗೂ ಯಾರಾದರೂ ಇದ್ದಾರೋ ಇಲ್ಲವೋ."

"ಇದ್ದಾರೆ ಅಕ್ಕಾ" ಎಂದೆ.

ಸರಿ ಹಾಗಾದರೆ ಎಂದು ಸಮಾಧಾನಪಟ್ಟಳು. ಆಮೇಲೆ, ಆಗಲೇ ಹೇಳಿದ್ದು ಮರೆತು, ಮಲ್ಲಿಗೆಯ ದರವನ್ನು ಮತ್ತೊಮ್ಮೆ ಹೇಳಿದಳು. ನಿನ್ನೆಯದೇ.